ಕನ್ನಡಿಯ ಹಾಗೆ ಉಜ್ಜಿದ ಬೀದಿ

ಕಂಟ್ರಾಕ್ಟರ್ ಕರೆತಂದ ಗುಂಪನ್ನು ನೋಡಿದ ಕೂಡಲೇ ನನಗೆ ನಗು ಬಂತು. ಏಳು ಜನ ಗಂಡಸರು, ಒಬ್ಬನಿಗಾದರೂ ಗಾರೆ ಬಳಿಯುವ ಕರಣೆ ಹಿಡಿಯಲು ಬರಬೇಡವೇ? ಒಬ್ಬ ದೋಸೆ ಮಗುಚುವವನಂತೆ ಹಿಡಿದಿದ್ದ. ಇನ್ನೊಬ್ಬ ಅದರ ತುದಿಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ. ಅವರ ಮೇಸ್ತ್ರಿ ಅನ್ನಿಸಿಕೊಂಡವನು ಹಸಿ ಕಾಂಕ್ರೀಟಿನ ಮೇಲೆ ಚಪ್ಪಲಿ ಕಾಲಲ್ಲೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಇಂಥವರ ಕೈಗೆ ನಮ್ಮ ಬೀದಿ ಸಿಕ್ಕಿತಲ್ಲ ಎಂದು ನಾನು ಜಗಲಿಯ ಮೇಲೆ ಕೂತು ಹಲ್ಲು ಕಡಿದೆ.

ನಮ್ಮದು ಕ್ಯಾಸಂಬಳ್ಳಿ ಕಡೆಯ ಊರು. ಬೀದಿ ಹುಣಸೆಮರದಿಂದ ಹೊರಟು ಹಾಲಿನ ಡೇರಿಯವರೆಗೆ ಇಳಿಯುತ್ತದೆ. ಆ ವರ್ಷದವರೆಗೂ ಮಣ್ಣಿನದೇ ಇತ್ತು. ಮಳೆ ಬಂದರೆ ಕೆಸರು, ಬಿಸಿಲಾದರೆ ದೂಳು, ಅಷ್ಟೇ. ಸಿ.ಸಿ. ರಸ್ತೆ ಮಂಜೂರಾಯಿತು ಎಂದಾಗ ಊರಿಗೆ ಊರೇ ಮದುವೆ ನಿಶ್ಚಯವಾದವರ ಹಾಗೆ ಓಡಾಡಿತು. ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಕೈ ಮುಗಿದು ನಿಂತಿದ್ದವರಲ್ಲಿ ಒಬ್ಬನೂ ಬದುಕಿನಲ್ಲಿ ಒಂದು ಬಾಂಡ್ಲಿ ಜಲ್ಲಿ ಹೊತ್ತವನಲ್ಲ.

ಎರಡನೇ ದಿನ ಕಂಟ್ರಾಕ್ಟರ್ ನನ್ನ ಬಳಿಗೇ ಬಂದ. ಅವನ ಮೇಸ್ತ್ರಿ ಬೇರೆ ಕಡೆ ಹೋಗಿದ್ದಾನಂತೆ, ಮೇಲೆ ಉಜ್ಜಿ ಮುಗಿಸುವ ಕೆಲಸ ನಾನೇ ಮಾಡಿಕೊಡಬೇಕಂತೆ. ನಾನು ಸ್ವಲ್ಪ ಬಿಗಿದುಕೊಂಡೆ, ಆಮೇಲೆ ಒಪ್ಪಿಕೊಂಡೆ. ನಮ್ಮ ಬೀದಿಯನ್ನು ಬೇರೆಯವನು ಕೆಡಿಸುವುದಕ್ಕಿಂತ ನಾನೇ ಕೈ ಹಾಕುವುದು ಮೇಲು ಅನ್ನಿಸಿತು. ಈಗ ಅದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ನಾನು ಗಾರೆ ಕೆಲಸ ಕಲಿತದ್ದು ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಗಳಲ್ಲಿ, ಕಿತ್ತುಹೋದ ನೆಲಗಳನ್ನು ಮತ್ತೆ ಹಾಕುವ ಕೆಲಸದಲ್ಲಿ. ಕಲಿಸಿದವರು ತಮಿಳು ಮಾತಾಡುವ ಒಬ್ಬ ಮುದುಕ ಮೇಸ್ತ್ರಿ. ನೆಲ ಉಜ್ಜಿ ಮುಗಿಯಿತು ಅಂದರೆ ಅವರು ಬಾಗಿಲ ಬೆಳಕಿಗೆ ಅಡ್ಡವಾಗಿ ಕೂತು, ಕೆನ್ನೆಯನ್ನು ನೆಲಕ್ಕೆ ತಾಗಿಸುವಷ್ಟು ಬಾಗಿ ನೋಡುತ್ತಿದ್ದರು. ಆಮೇಲೆ "ಇನ್ನೊರು ವಾಟಿ" ಎನ್ನುತ್ತಿದ್ದರು, ಇನ್ನೊಂದು ಸಲ ಎಂದು. ಹೀಗೆ ನಾಲ್ಕು ಸಲ, ಐದು ಸಲ. ಕಿಟಕಿಯ ಸರಳುಗಳು ನೆಲದಲ್ಲಿ ಕಂಡ ಮೇಲೆಯೇ ಅವರು ಬೀಡಿ ಹಚ್ಚುತ್ತಿದ್ದದ್ದು. ಆ ಕೆಲಸದ ಸೊಕ್ಕು ನನ್ನ ಮೈಗೆ ಹತ್ತಿತು. ಬಂಗಾರಪೇಟೆಯಲ್ಲಿ ಕೊಂಡ ನನ್ನ ಉಕ್ಕಿನ ಕರಣೆ ಉಜ್ಜಿ ಉಜ್ಜಿ ಎರಡು ಬೆರಳಷ್ಟು ಸವೆದಿದೆ. ಅದನ್ನು ನಾನು ಯಾರಿಗೂ ಮುಟ್ಟಲು ಕೊಟ್ಟವನಲ್ಲ.

ಮೂರನೇ ದಿನ ಇಂಜಿನಿಯರ್ ಬಂದಳು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕೇಳಿದರೆ ಧಾರವಾಡದ ಕಡೆಯವಳು. ಬಿಸಿಲಿಗೆ ಕೊಡೆ ಹಿಡಿಯದೆ ನಿಂತಿದ್ದಳು, ಅಷ್ಟು ಮೆಚ್ಚಬೇಕು. ಇಬ್ಬರು ಆಳುಗಳು ಆಚೀಚೆ ನಿಂತು ಹಸಿ ಕಾಂಕ್ರೀಟಿನ ಮೇಲೆ ಮಟ್ಟಗೋಲು ಎಳೆದರು. ಮೇಲೆ ನಿಂತ ನೀರು ಆರುವವರೆಗೆ ಕಾದು, ನಾನು ಹಿಡಿ ಇರುವ ಮರದ ಹಲಗೆಯಲ್ಲಿ ಒಂದು ಸುತ್ತು ಉಜ್ಜಿದೆ. ಕರಣೆ ತೆಗೆಯುವಷ್ಟರಲ್ಲಿ ಅವಳು ಹತ್ತಿರ ಬಂದಳು.

"ಮೇಸ್ತ್ರಿಯವರ, ಅಷ್ಟ ಸಾಕ್ರಿ. ಈಗ ಮ್ಯಾಲೆ ಕಸಬರಿಗಿ ಎಳೀರಿ. ಅಡ್ಡ ಗೀರು ಬೀಳಬೇಕು, ಇಲ್ಲಂದ್ರ ಕಾಲು ಜಾರತಾವ."

ಪೊರಕೆಗೆ ಅವಳ ಊರಿನ ಮಾತು ಅದು. ಉದ್ದ ಹಿಡಿಯ ಒರಟು ಪೊರಕೆಯೊಂದು ಟೆಂಪೋದಲ್ಲಿ ಬಂದೂ ಇತ್ತು. ಕಂಟ್ರಾಕ್ಟರನ ಆಳುಗಳು ಅದರಲ್ಲಿ ಟೆಂಪೋದ ಸಿಮೆಂಟ್ ದೂಳು ಗುಡಿಸುತ್ತಿದ್ದರು.

"ಆಗ್ಲಿ ಮೇಡಂ" ಎಂದೆ. ಅವಳ ಜೀಪು ಹುಣಸೆಮರ ದಾಟುವವರೆಗೆ ಆ ಪೊರಕೆಯನ್ನು ಹಿಡಿದುಕೊಂಡೂ ನಿಂತಿದ್ದೆ. ಆಮೇಲೆ ಚರಂಡಿಯ ಪಕ್ಕಕ್ಕೆ ಎಸೆದೆ. ನುಣ್ಣಗೆ ಮಾಡಿದ ಕೆಲಸದ ಮೇಲೆ ಕಸ ಗುಡಿಸುವ ಕಡ್ಡಿ ಎಳೆದು ಗೀರು ಹಾಕಬೇಕಂತೆ. ಓದಿದವರಿಗೆ ಕೈಕೆಲಸದ ಬೆಲೆ ಎಲ್ಲಿ ಗೊತ್ತು ಎಂದು ಜೋರಾಗಿಯೇ ಹೇಳಿದೆ. ಆಳುಗಳು ಹಲ್ಲು ಕಿರಿದರು.

ಊರಿನ ಹೆಂಗಸರೂ ನನ್ನ ಪಕ್ಷವೇ. ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು, "ಅಣ್ಣ, ನಮ್ ಮನೆ ಮುಂದೆ ಚೆನ್ನಾಗ್ ನುಣ್ಗೆ ಮಾಡು, ರಂಗೋಲಿ ಬಿಡ್ಬೇಕು" ಎಂದರು. ಗೀರು ಇದ್ದರೆ ರಂಗೋಲಿಯ ಎಳೆ ಒಡೆಯುತ್ತದಂತೆ. ಹಬ್ಬಕ್ಕೊಮ್ಮೆ ಎಂಟು ಚುಕ್ಕಿ ಇಟ್ಟು ಕೈ ಒರೆಸಿಕೊಳ್ಳುವವರು ಇವರು. ಆದರೂ ಅವರ ಮಾತು ಕೇಳಿ ನನಗೆ ಹಿತವಾಯಿತು.

ಬೇಡ ಎಂದವಳು ಒಬ್ಬಳೇ, ನನ್ನ ಅಕ್ಕ. ಅವಳ ಮನೆ ನಮ್ಮ ಮನೆಯಿಂದ ಮೂರು ಬಾಗಿಲು ಕೆಳಗೆ, ಬೀದಿ ಡೇರಿಯ ಕಡೆಗೆ ಸರ್ರನೆ ಇಳಿಯುವ ಜಾಗದಲ್ಲಿದೆ. ಭಾವ ತೀರಿಕೊಂಡ ಮೇಲೆ ಅವಳು ಒಂದು ಸೀಮೆಹಸು ಕಟ್ಟಿಕೊಂಡು ಬದುಕಿದವಳು. ಎರಡು ಹೊತ್ತು ಡೇರಿಗೆ ಹಾಲು ಹಾಕುವುದು, ತನ್ನ ಒಲೆಯ ಮುದ್ದೆ ತಾನು ಉಣ್ಣುವುದು. ಬಾ ಅಕ್ಕ, ನಮ್ಮ ಜೊತೆಗೇ ಇರು ಎಂದು ನಾನೂ ನನ್ನ ಹೆಂಡತಿಯೂ ಎಷ್ಟು ಸಲ ಕರೆದಿಲ್ಲ? "ಕೊಟ್ಗೇಲಿ ಅಸು ಇರೋಗಂಟ ನಾನ್ಯಾಕ್ಲಾ ನಿನ್ ಮನೆ ತಟ್ಟೇಗ್ ಕೈ ಆಕ್ಲಿ" ಎನ್ನುತ್ತಿದ್ದಳು. ಹಬ್ಬಕ್ಕೆ ಬಂದರೂ ಒಂದು ಚೊಂಬು ಹಾಲು ಹಿಡಿದೇ ಬರುತ್ತಿದ್ದಳು. ಆ ವರ್ಷ ಹಸು ತುಂಬಿದ ಗಬ್ಬ.

"ನನ್ ಬಾಗ್ಲ ಮುಂದೆ ಅಷ್ಟೊಂದ್ ಉಜ್ಬೇಡ ಕಣ್ಲಾ" ಎಂದಳು. "ಅಸು ಓಡಾಡೋ ಜಾಗ. ಒರಟಾಗೇ ಇರ್ಲಿ."

"ನೀನ್ ಒಳಕ್ಕೋಗಕ್ಕ. ನಾನ್ ನೋಡ್ಕತೀನಿ."

"ಆಯಮ್ಮ ಇಂಜಿನೀರು ಏಳ್ಲಿಲ್ವಾ, ಪರ್ಕೆ ಎಳೀರಿ ಅಂತ?"

"ಅವಳ್ಗೇನ್ ಗೊತ್ತಕ್ಕ? ನಿನ್ನೆ ಮೊನ್ನೆ ಬಂದೋಳು."

ಅಕ್ಕ ಹಸುವಿಗೆ ನೀರಿಡಲು ಹೋದಳು. ನಾನು ಅವಳ ಬಾಗಿಲ ಮುಂದೆ ಕೂತೆ. ಬೇರೆಯವರ ಮನೆ ಮುಂದೆ ಒಂದು ಸಲ ಕರಣೆ ಎಳೆದಿದ್ದರೆ ಅಲ್ಲಿ ಒಣ ಸಿಮೆಂಟ್ ಉದುರಿಸಿ ಮೂರು ಸಲ ಎಳೆದೆ. ಮೊಣಕಾಲ ಕೆಳಗೆ ಗೋಣಿಚೀಲ ಹಾಕಿಕೊಂಡು, ಹಿಂದಕ್ಕೆ ಸರಿಯುತ್ತ, ಇನ್ನೊರು ವಾಟಿ, ಇನ್ನೊರು ವಾಟಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತ. ಸಂಜೆಯ ಬಿಸಿಲಲ್ಲಿ ಅವಳ ಮನೆಯ ಬಾಗಿಲ ಹಸಿರು ಬಣ್ಣ ಬೀದಿಯಲ್ಲಿ ಕಂಡಿತು. ಅಕ್ಕನಿಗೆ ನನ್ನ ಕೈಯಿಂದ ಅದೊಂದು ಉಡುಗೊರೆ ಎಂದೇ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವಳು ಬೇಡ ಅಂದದ್ದಕ್ಕೇ ಅಷ್ಟು ಉಜ್ಜಿದೆ.

ಊರು ಹೊಗಳಿತು. ಬೂದಿಕೋಟೆಯಿಂದ ಬಂದ ನೆಂಟರು ಕೂಡ ಚಪ್ಪಲಿ ಕಳಚಿ ನಡೆದು ನೋಡಿದರು. ನಾನು ಮೀಸೆ ತಿರುವಿದೆ. ಪಕ್ಕದ ಬೀದಿಯಲ್ಲಿ ಬೇರೆ ಗುಂಪು ಪೊರಕೆ ಎಳೆದು ಮುಗಿಸಿತ್ತು. ಆ ಬೀದಿಯಲ್ಲಿ ಹೋಗುವಾಗೆಲ್ಲ, ಇದು ರಸ್ತೆಯೋ ಬಾಚಣಿಗೆ ಎಳೆದ ತಲೆಯೋ ಎಂದು ಕೇಳಿ ಅಲ್ಲಿಯವರ ಬಾಯಿ ಮುಚ್ಚಿಸುತ್ತಿದ್ದೆ. ಒಂದು ತಿಂಗಳು ಬಿಸಿಲಿತ್ತು, ನನ್ನ ಮಾತು ನಡೆಯಿತು.

ಆಮೇಲೆ ಒಂದು ಬೆಳಗ್ಗೆ ಜಿನುಗು ಮಳೆ. ಅದರ ಮೇಲೆ ಹೆಂಗಸರು ಎಂದಿನಂತೆ ಬಾಗಿಲಿಗೆ ಸಗಣಿ ನೀರು ಹಾಕಿದ್ದರು. ಅಕ್ಕ ಹಸುವನ್ನು ಬಿಚ್ಚಿ ಹೊಲದ ಕಡೆಗೆ ಹೊರಡಿಸಿದಳು. ನಾನು ನಮ್ಮ ಜಗಲಿಯ ಮೇಲೆ ಹಲ್ಲುಜ್ಜುತ್ತಿದ್ದೆ. ಹಸು ಹೊಸಿಲಿಳಿದು ಎರಡು ಹೆಜ್ಜೆ ಇಟ್ಟಿತು. ಮೂರನೆಯದಕ್ಕೆ ಹಿಂಗಾಲೆರಡೂ ಒಂದೊಂದು ಕಡೆಗೆ ಜಾರಿದವು. ಅದು ಏಳಲು ನೋಡಿತು, ಮತ್ತೆ ಜಾರಿತು. ಏಳಲು ನೋಡಿದಷ್ಟೂ ಕಾಲುಗಳು ಇನ್ನೂ ಅಗಲಕ್ಕೆ ಹೋದವು. ಗೊರಸಿಗೆ ಹಿಡಿದುಕೊಳ್ಳಲು ಒಂದು ಗೀರಿರಲಿಲ್ಲ. ಆ ಹೊಟ್ಟೆ ಹೊತ್ತುಕೊಂಡು ಅದು ಹಾಗೇ ನೆಲಕ್ಕೆ ಕೂತುಬಿಟ್ಟಿತು.

ನಾನು ಓಡಿದೆ, ನಾನೂ ಬಿದ್ದೆ. ಅಕ್ಕಪಕ್ಕದವರು ಗೋಣಿಚೀಲ ತಂದರು, ಮರಳು ಸುರಿದರು, ಹಗ್ಗ ಹಾಕಿ ಎತ್ತಿದರು. ಮುಂಗಾಲು ನಿಂತವು, ಹಿಂಗಾಲು ನಿಲ್ಲಲಿಲ್ಲ. ಡಾಕ್ಟರು ಬಂದು ಕೈಯಾಡಿಸಿ ನೋಡಿ, ಸೊಂಟದ ಸಂದು ಬಿಟ್ಟಿದೆ, ಏಳುವುದು ಕಷ್ಟ ಎಂದರು. ಆಮೇಲೆ ಬೀದಿಯನ್ನು ಬೂಟಿನಲ್ಲಿ ತಿಕ್ಕಿ ನೋಡಿ, "ಯಾರ್ರೀ ಇದನ್ನ ಹೀಗೆ ಉಜ್ಜಿದ್ದು?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಅಕ್ಕನೂ ಬಿಡಲಿಲ್ಲ. ನಾನು ಕೂಡ ಕಂಟ್ರಾಕ್ಟರನ ಕಡೆಯವರು ಎಂಬಂತೆ ತಲೆ ಕೆರೆದುಕೊಂಡು ನಿಂತೆ. ಕರಣೆಯಿಂದ ಬೆನ್ನು ಕೆರೆಯುತ್ತಿದ್ದವನು ನನಗಿಂತ ಎಷ್ಟೋ ಮೇಲು, ಅವನು ಯಾರ ಹಸುವನ್ನೂ ಕೊಲ್ಲಲಿಲ್ಲ.

ಹಸು ಒಂಬತ್ತು ದಿನ ಮಲಗಿತ್ತು. ಅಕ್ಕ ಅದರ ಮಗ್ಗುಲು ಹೊರಳಿಸುತ್ತ, ಬೆನ್ನಿಗೆ ಹರಳೆಣ್ಣೆ ತಿಕ್ಕುತ್ತ ಅಲ್ಲೇ ಇದ್ದಳು. ಹತ್ತನೆಯ ದಿನ ಬೆಳಗ್ಗೆ ಹೋಗಿಬಿಟ್ಟಿತು, ಹೊಟ್ಟೆಯ ಕರುವೂ ಅದರ ಜೊತೆಗೇ.

ಅದನ್ನು ಮಣ್ಣು ಮಾಡಿ ಬಂದವನು ಸುತ್ತಿಗೆ ಉಳಿ ತೆಗೆದುಕೊಂಡು ಬೀದಿಗೆ ಕೂತೆ. ಅಕ್ಕನ ಬಾಗಿಲಿನಿಂದ ಶುರು ಮಾಡಿ ಡೇರಿಯವರೆಗೆ ಅಡ್ಡಡ್ಡ ಗೀರು ಹೊಡೆದೆ. ಪೊರಕೆಯಲ್ಲಿ ಒಂದು ಗಳಿಗೆಯ ಕೆಲಸ, ಉಳಿಯಲ್ಲಿ ಹದಿನಾರು ದಿನ ಹಿಡಿಯಿತು. ರಂಗೋಲಿ ಹಾಳಾಯಿತು ಎಂದು ಗೊಣಗಿದ ಹೆಂಗಸರಿಗೆ ಏನು ಬೈದೆನೋ ನೆನಪಿಲ್ಲ. ಈಗ ಆ ಬೀದಿ ಸಿಡುಬಿನ ಮುಖದಂತಿದೆ. ಹೊಸ ಹುಡುಗರು ಬಂದು, ಇದ್ಯಾವನು ಮಾಡಿದ ಕೆಲಸ ಎಂದು ನಗುತ್ತಾರೆ. ನಾನೇ ಎಂದು ಹೇಳುತ್ತೇನೆ.

ಇನ್ನೊಂದು ಹಸು ತಂದು ಕಟ್ಟುತ್ತೇನೆ ಎಂದರೆ ಅಕ್ಕ ಒಪ್ಪಲಿಲ್ಲ. "ಬ್ಯಾಡ ಬಿಡ್ಲಾ. ಅದುನ್ನ ಆ ಬಾಗ್ಲಿಂದ ಈಚೆಗ್ ಇಳ್ಸೋ ದೈರ್ಯ ನಂಗಿಲ್ಲ" ಎಂದಳು. ಒಂದು ಬೈಗುಳವನ್ನೂ ಅವಳು ನನಗೆ ಕೊಡಲಿಲ್ಲ. ಕೊಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ.

ಈಗ ಅವಳ ಊಟ ನಮ್ಮ ಮನೆಯಲ್ಲೇ. ನಾನು ಇಷ್ಟು ವರ್ಷ ಕರೆದದ್ದು ಹೀಗೆ ನಡೆಯಿತು. ಬೆಳಗ್ಗೆ ನಾವು ಏಳುವಷ್ಟರಲ್ಲಿ ಅವಳು ಬಂದಿರುತ್ತಾಳೆ, ಹಿತ್ತಲು, ಅಂಗಳ, ಬಾಗಿಲ ಮುಂದಿನ ಬೀದಿ ಎಲ್ಲ ಗುಡಿಸಿ ಮುಗಿಸಿರುತ್ತಾಳೆ. ಬೇಡ ಎಂದು ನನ್ನ ಹೆಂಡತಿ ಹೇಳಿ ಸೋತಳು. ಮೊನ್ನೆ ನಾನೇ ಹೋಗಿ ಪೊರಕೆ ಕಿತ್ತುಕೊಳ್ಳಲು ಕೈ ಹಾಕಿದೆ.

"ಬಿಡಕ್ಕ, ನೀನ್ಯಾಕ್ ಮಾಡ್ತೀಯ ಇದ್ನೆಲ್ಲಾ?"

ಅವಳು ಪೊರಕೆ ಬಿಡಲಿಲ್ಲ. ತಲೆಯೂ ಎತ್ತಲಿಲ್ಲ.

"ಬಿಟ್ಟಿ ಕೂಳು ಉಣ್ಣಕ್ಕಾಯ್ತದೇನ್ಲಾ" ಎಂದಳು.