ಸರ್ಕಾರದ ಸಂಕ, ಬಚ್ಚಣ್ಣನ ಸಂಕ

ಬಿಜೂರಿನ ಒಂದು ಮೂಲೆಯಲ್ಲಿ ಹರಿಯುವ ತೋಡಿನ ಆಚೆಗಿರುವ ಮನೆಗಳಲ್ಲಿ ಬಚ್ಚಣ್ಣನದೂ ಒಂದು. ಮಳೆಗಾಲದಲ್ಲಿ ತೋಡು ದಾಟಲು ಅಲ್ಲಿಯವರಿಗೆ ಗತಿ ಅಂದರೆ ಬಚ್ಚಣ್ಣ ಕಟ್ಟುವ ಕಾಲುಸಂಕ. ಅಡಿಕೆ ಮರದ ಕಾಂಡ ಜೋಡಿಸಿ, ಹಗ್ಗ ಬಿಗಿದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು ಕಟ್ಟಿದರೆ, ಶಾಲೆಯ ಮಕ್ಕಳಿಂದ ಹಿಡಿದು ಡೇರಿಗೆ ಹಾಲು ಕೊಡುವವರ ತನಕ ಎಲ್ಲರೂ ಅದರ ಮೇಲೆಯೇ. ಮದುವೆಯಾದ ವರ್ಷ ಶುರುಮಾಡಿದ ಕೆಲಸ, ಈಗ ತಲೆ ಬೆಳ್ಳಗಾಗಿದೆ.

ಹಾಗಂತ ಸರ್ಕಾರ ಸುಮ್ಮನಿತ್ತು ಅನ್ನಬಾರದು, ಪಾಪ. ಪ್ರತಿ ಚುನಾವಣೆಗೂ ಬಂದು ತೋಡು ಅಳೆದು ಹೋಗುತ್ತಿತ್ತು. ಗುದ್ದಲಿ ಪೂಜೆಯೇ ಎರಡು ಸಲ ಆಗಿದೆ. ಪೂಜೆಯ ತೆಂಗಿನಕಾಯಿಯಲ್ಲಿ ಬಚ್ಚಣ್ಣನ ಹೆಂಡತಿ ಕುಸುಮ ಚಟ್ನಿ ಅರೆದದ್ದೂ ಆಗಿದೆ. ಸರ್ಕಾರದ ಕೆಲಸ ದೇವರ ಕೆಲಸ ಅನ್ನುತ್ತಾರಲ್ಲ, ದೇವರೂ ಕಡೆಗೊಮ್ಮೆ ಕಣ್ಣು ಬಿಡುತ್ತಾನೆ. ಈ ಬೇಸಿಗೆಯಲ್ಲಿ ನಿಜವಾಗಿಯೂ ಕಾಂಕ್ರೀಟಿನ ಸಂಕ ಎದ್ದು ನಿಂತಿತು.

ನಿಂತರೇನು, ಹತ್ತುವವರು ಯಾರು? "ಮೊದ್ಲ್ ಮಳಿಗೇ ಹೋತ್ ಕಾಣಿ," ಅಂದ ಬಚ್ಚಣ್ಣ. ಊರಿಗೆ ಅಷ್ಟು ಸಾಕಾಯಿತು. ಸಂಕ ಗಟ್ಟಿಯಿದೆ ಎಂದು ಇಂಜಿನಿಯರ್ ಹೇಳಿದ ಮೇಲಂತೂ ಅನುಮಾನ ಇನ್ನೂ ಹೆಚ್ಚಿತು. ಸಂಕದ ಅಂಚಿನಲ್ಲಿ ಹಪ್ಪಳ ಒಣಗಿಸಿದರೇ ಹೊರತು ದಾಟುವವರೆಲ್ಲ ಒಣಗಿದ ತೋಡಿಗೇ ಇಳಿದು ಹತ್ತಿದರು.

ಕುಸುಮಳ ಹೆದರಿಕೆ ಬೇರೆ. ಹೋದ ವರ್ಷ ಸಂಕ ಕಟ್ಟುವಾಗ ಗಂಡ ಕಾಲು ಜಾರಿ ಬಿದ್ದು, ನೀರು ಅವನನ್ನು ಕೇದಗೆ ಪೊದೆಯ ತನಕ ಎಳೆದುಕೊಂಡು ಹೋಗಿತ್ತು. ಅಂದಿನಿಂದ ಮಂಡಿ ಸರಿಯಿಲ್ಲ. ಈ ಸಲ ಇಳಿದರೆ ಎದ್ದು ಬರುವ ಮನುಷ್ಯನಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಳೆ ಅವಸರ ಮಾಡಿತು. ಮೇ ಮುಗಿಯುವ ಮೊದಲೇ ತೋಡು ಕೆಂಪಾಗಿ ತುಂಬಿ ಹರಿಯಿತು. ಬಚ್ಚಣ್ಣ ಹಗ್ಗ ಹೆಗಲಿಗೇರಿಸಿ ಹೊರಟ.

"ಹ್ವಾಯ್, ಈ ವರ್ಷ ನೀರಿಗ್ ಇಳುಕಾಗ. ಸಂಕ ಇತ್ತಲ್ದಾ?" ಅಂದಳು ಕುಸುಮ.

"ಸರ್ಕಾರದ್ ಸಂಕ ನಂಬುಕೆ ನಂಗೆಂತ ಮರ್ಲಾ, ಹುಚ್ಚಾ?"

ಕುಸುಮ ಸೀರೆ ಎತ್ತಿ ಕಟ್ಟಿ, ಸುರಿಯುವ ಮಳೆಯಲ್ಲೇ ನಡೆದು ಹೋಗಿ ಹೊಸ ಸಂಕದ ನಟ್ಟನಡುವೆ ನಿಂತಳು. ಡೇರಿಗೆ ಹೊರಟವರೆಲ್ಲ ದಡದಲ್ಲೇ ಬಾಯಿ ಬಿಟ್ಟು ನಿಂತರು.

"ಏ ಮಾರಾಯ್ತಿ, ಈಚಿ ಬಾ!" ಬಚ್ಚಣ್ಣ ಕೂಗಿದ.

"ನೀವೇ ಬನ್ನಿ. ನೀವ್ ನೀರಿಗ್ ಇಳುದಾರೆ ನಾನ್ ಇಲ್ಲಿಂದ ಹಂದುದಿಲ್ಲೆ!"

ಬಚ್ಚಣ್ಣ ಹಗ್ಗ ಬಿಸಾಡಿ, ಸರ್ಕಾರವನ್ನೂ ಹೆಂಡತಿಯನ್ನೂ ಒಟ್ಟಿಗೇ ಬೈಯುತ್ತಾ, ಕುಂಟಿಕೊಂಡೇ ಸಂಕ ಹತ್ತಿದ. ಹತ್ತಿರ ಹೋಗಿ ನೋಡಿದರೆ ಕುಸುಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಆನೆಗುಡ್ಡೆ ಗಣಪತಿಯನ್ನು ಕರೆಯುತ್ತಿದ್ದಾಳೆ.

"ನಿಂಗೆ ಈ ಸಂಕದ್ ಮೇಲೆ ನಂಬ್ಕಿ ಇತ್ತಾ?" ಕೇಳಿದ.

"ಒಂಚೂರೂ ಇಲ್ಲೆ," ಅಂದಳು ಕಣ್ಣು ಬಿಡದೆ. "ಬೇಗ ಆಚಿ ದಾಟ್ಸಿ."

ಬಚ್ಚಣ್ಣ ಇಡೀ ಊರು ನೋಡುತ್ತಿದ್ದರೂ ನಾಚದೆ ಅವಳ ಕೈ ಹಿಡಿದುಕೊಂಡು ನಡೆದ.