ಮೂವರಿಗೆ ಒಂದೇ ಪುಸ್ತಕ

ಗೆಳತಿಯರೇ, ಇವತ್ತು ನಮ್ಮ ಮನೆಯ ಶಾಲೆಗೇ ಪರೀಕ್ಷೆ ಬಂತು. ನಮ್ಮೂರು ಔರಾದದ ಶಾಲೆಯಲ್ಲಿ ಪಾಠದ ಭಾಷೆ ಉರ್ದು ಹೋಗಿ ಮರಾಠಿ ಬಂದ ಮೇಲೆ, ನನ್ನ ಮೂವರು ಮಕ್ಕಳಿಗೆ ಕನ್ನಡ ತಪ್ಪಬಾರದೆಂದು ನಾನೇ ಮನೆಯಲ್ಲಿ ಕಲಿಸುತ್ತಿದ್ದೇನೆ. ಇರುವುದು ಒಂದೇ ಪುಸ್ತಕ. ಹತ್ತು ವರ್ಷದ ಶರಣಮ್ಮ, ಏಳು ವರ್ಷದ ಬಸಣ್ಣ ನನ್ನ ಅಕ್ಕಪಕ್ಕ ಕೂರುತ್ತಾರೆ. ನಾಲ್ಕು ವರ್ಷದ ನೀಲವ್ವ ಎದುರಿಗೆ ಕೂತು ಸುಮ್ಮನೆ ನೋಡುತ್ತಿರುತ್ತಾಳೆ.

ಮಧ್ಯಾಹ್ನ ಮಾವನವರು ಹೊಲದಿಂದ ಬಂದವರೇ, “ಏನ್ ಕಲ್ತಾರ ತೋರ್ಸು. ಬರಲಿಲ್ಲಂದ್ರ ನಾಳಿಂದ ಮರಾಠಿ ಸಾಳಿಗಿ ಹಾಕ್ತೀನಿ” ಎಂದರು.

ಶರಣಮ್ಮ ಸರಾಗವಾಗಿ ಓದಿದಳು. ಬಸಣ್ಣ ಒಂದು ಪದಕ್ಕೆ ತಡವರಿಸಿದ.

“ಕಮಲ” ಎಂದಳು ನೀಲವ್ವ. ಮುಂದಿನ ಪದವನ್ನೂ ಅವಳೇ ಹೇಳಿದಳು.

ಅವಳಿಗೆ ನಾನು ಒಂದಕ್ಷರವನ್ನೂ ಕಲಿಸಿರಲಿಲ್ಲ. ಮಾವನವರು ಪುಸ್ತಕವನ್ನು ಅವಳ ಕಡೆಗೆ ನೇರವಾಗಿ ತಿರುಗಿಸಿ ಇಟ್ಟರು. ಈಗ ಹುಡುಗಿಗೆ ಅಕ್ಷರಗಳ ಗುರುತು ಸಿಗಲಿಲ್ಲ. ಸ್ವಲ್ಪ ನೋಡಿ, ಪುಸ್ತಕವನ್ನು ತಲೆಕೆಳಗಾಗಿ ತಿರುಗಿಸಿ ಪಟಪಟ ಓದಿದಳು. ಎದುರಿಗೆ ಕೂತು ಕಲಿತವಳಿಗೆ ಅಕ್ಷರಗಳು ಪರಿಚಯವಾಗಿದ್ದೇ ಹಾಗೆ.

ಮಾವನವರು ಕಣ್ಣೀರು ಬರುವಷ್ಟು ನಕ್ಕರು. “ನಿನ್ನ ಸಾಳಿ ನಡೀಲಿ ಯವ್ವಾ. ಬೀದರಿಗಿ ಹೋಗಿ ಇನ್ನೆರಡು ಪುಸ್ತಕ ತರ್ತೀನಿ.”

ಸಂತೋಷಕ್ಕೆ ನನಗೆ ಊಟ ಸೇರಲಿಲ್ಲ. ಆದರೆ ಬರೆಯಲು ಕೂರಿಸಿದರೆ ನೀಲವ್ವ ಏನು ಮಾಡುತ್ತಾಳೋ, ನೆನೆದರೆ ದಿಗಿಲಾಗುತ್ತದೆ.