ಕೊಬ್ಬರಿಯ ಎಡಮಗ್ಗುಲು

ಯಗಟಿಯ ಸ್ಪೂರ್ತಿಗೆ ಸಿಟ್ಟು ಬಂದರೆ ಮೊದಲು ಮೂಗು ಕೆಂಪಾಗುತ್ತದೆ, ಆಮೇಲೆ ಮಾತು ನಿಲ್ಲುತ್ತದೆ. ಈ ಸಲ ಎರಡೂ ಒಂದೇ ದಿನ ಆದದ್ದು ಒಂದು ನಾಯಿಯ ದೆಸೆಯಿಂದ.

ನಾಯಿಯ ಹೆಸರು ಕೊಬ್ಬರಿ. ಕಡೂರಿನಲ್ಲಿ ಅವಳಿಗೆ ಹೊಲಿಗೆ ಕಲಿಸಿದ ಶಾಂಭವಿ ಮೇಡಂ ಮನೆ ಬದಲಿಸುವಾಗ, ಹೊಸ ಓನರ್ ನಾಯಿ ಬೇಡ ಅಂದರೆಂದು ಇವಳ ಕೈಗಿಟ್ಟದ್ದು. ಟೆರಿಯರ್ ಜಾತಿ. ಗಡ್ಡ, ಹುಬ್ಬು, ಮೈತುಂಬ ತೆಂಗಿನ ನಾರಿನಂಥ ಒರಟು ಕೂದಲು. ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡಿದ್ದವಳನ್ನು ನೋಡಿ ಕಂಡಕ್ಟರ್, "ಪಾತ್ರೆ ಉಜ್ಜೋ ನಾರಿಗೆ ಕಾಲು ಬಂದವಲ್ಲಮ್ಮಾ!" ಅಂದಿದ್ದ.

"ಇದ್ಕೆ ಕತ್ತರಿ ಮುಟ್ಟಿಸ್ಬೇಡ. ಸತ್ತ ಕೂದ್ಲನ್ನ ಎರಡು ಬೆರಳಲ್ಲಿ ಹಿಡ್ದು, ಬೆಳೆದ ಕಡೆಗೇ ಎಳೀಬೇಕು. ಇಲ್ದಿದ್ರೆ ಮನೆ ತುಂಬ ಉದುರ್ತದೆ" ಎಂದು ಮೇಡಂ ಹೇಳಿಕೊಟ್ಟಿದ್ದರು. ಸ್ಪೂರ್ತಿ ಹೊಲಿಗೆಯ ಗಡಿಬಿಡಿಯಲ್ಲಿ ಅದನ್ನು ಮುಂದೂಡಿದಳು. ಕೂದಲು ಉದುರಿತು. ಉದುರಿದ್ದು ಅಜ್ಜಿ ಕರಿಯಮ್ಮನ ಮುದ್ದೆಯಲ್ಲೇ ಸಿಕ್ಕಿತು.

"ಲೇ ಸ್ಪೂರ್ತಿ, ಇನ್ನೊಂದ್ ಕಿತ ಸಿಕ್ತೋ, ನಿನ್ ನಾಯಿ ಹೊಲದ್ ಹಟ್ಟಿಗೆ. ಕುರಿ ಜತೆ ಬಿದ್ದಿರ್ಲಿ."

"ಅಲ್ಲಿ ಚಿರತೆ ಬತ್ತದೆ ಕಣಜ್ಜಿ! ಕಾವಲ್ ನಾಯಿನೇ ಎತ್ಕೊಂಡೋಯ್ತಲ್ಲ!"

"ಅದುಕ್ಕೇ ಹೇಳ್ತಿರೋದು, ಕೂದ್ಲು ತೆಗಿ."

ಜಗಲಿಯ ಮೇಲೆ ಕೂತು, ಕೂದಲು ಜಾರದಂತೆ ಬೆರಳಿಗೆ ಒಲೆ ಬೂದಿ ಹಚ್ಚಿಕೊಂಡು, ಬಲಮಗ್ಗುಲಿನಿಂದ ಶುರುಮಾಡಿದಳು. ಒಂದೊಂದು ಚಿಟಿಕೆ. ಅಂಗೈಯಗಲ ಆಗುವಷ್ಟರಲ್ಲಿ ಅಜ್ಜಿ ಕೂಗಿದಳು.

"ಸೋಮವಾರ ಕಣೇ! ಮನೆದೇವ್ರ ವಾರ. ಕೂದ್ಲು ತೆಗೀತಾರಾ?"

ಮಂಗಳವಾರ ಕೂತರೆ, ಮಂಗಳವಾರ ಯಾರಾದರೂ ಮುಟ್ಟುತ್ತಾರಾ? ಶುಕ್ರವಾರ ಲಕ್ಷ್ಮಿ ಓಡಿಹೋಗುತ್ತಾಳೆ. ಶನಿವಾರದ ಹೆಸರೆತ್ತುವುದೇ ಬೇಡ. ಬುಧವಾರ ಬಂತು ಅನ್ನುವಾಗ ಅಮಾವಾಸ್ಯೆ.

"ಅಜ್ಜೀ, ಕ್ಷೌರದ್ ಶಾಸ್ತ್ರ ಮನುಷ್ಯರಿಗಲ್ವಾ?"

"ಮನೇಲಿ ಉಂಡ್ಮೇಲೆ ಅದೂ ಮನೆ ಜೀವನೇ."

"ಮನೆ ಜೀವಾನ ಹಟ್ಟಿಗ್ಯಾಕೆ ಅಟ್ತೀಯ ಮತ್ತೆ?"

"ಎದುರ್ ಮಾತಾಡ್ಬ್ಯಾಡ."

ಕೂದಲು ಉದುರಬಾರದು, ತೆಗೆಯಲೂಬಾರದು! ಸ್ಪೂರ್ತಿ ಹಲ್ಲು ಕಚ್ಚಿಕೊಂಡು, ಸಿಕ್ಕ ದಿನಗಳಲ್ಲೇ ಬಲಮಗ್ಗುಲನ್ನು ಮುಗಿಸಿದಳು. ಬೆರಳು ಬದನೆಕಾಯಿಯಂತೆ ಊದಿದವು. ಆದರೆ ಬಲಮಗ್ಗುಲು ಹೊಸ ಬ್ರಷ್ಷಿನಂತೆ ಒತ್ತಾಗಿ, ಒಪ್ಪವಾಗಿ ನಿಂತಿತು. ಒಂದು ಎಳೆಯೂ ಉದುರಲಿಲ್ಲ. ಇನ್ನು ಎಡಮಗ್ಗುಲು ಮಾತ್ರ.

ಒಂದು ಗುರುವಾರ ಹೊಲಿದ ಬ್ಲೌಸುಗಳನ್ನು ಕೊಡಲು ಸಿಂಗಟಗೆರೆಗೆ ಹೋಗಿ, ಮಧ್ಯಾಹ್ನ ಬಂದು ನೋಡುತ್ತಾಳೆ: ಅಂಗಳದಲ್ಲಿ ತುಪ್ಪಟ ಕತ್ತರಿಸಿಕೊಂಡ ಕುರಿಗಳು, ಉಣ್ಣೆಯ ರಾಶಿ, ಕುರಿಗಳ ನಡುವೆ ಕೊಬ್ಬರಿ. ಎಡಮಗ್ಗುಲು ಬೋಳು ಬೋಳು. ಕುರಿಗಳಿಗೆ ಹಾಕಿದಂತೆಯೇ ಅದರ ಬೆನ್ನಿನ ಮೇಲೂ ಕೆಮ್ಮಣ್ಣಿನ ಗುರುತು.

ಮೂಗು ಕೆಂಪಾಯಿತು. ಮಾತು ಮಾತ್ರ ಇನ್ನೊಂದಿಷ್ಟು ಉಳಿದಿತ್ತು.

"ಯಾರು ಮಾಡಿದ್ದು ಇದ್ನ?"

"ನಿನ್ ಕೈ ನೋಯ್ತದೆ ಅಂತ ನಾನೇ ಹೇಳ್ದೆ ಕಣವ್ವಾ" ಅಂದ ಅಪ್ಪ ಸಿದ್ದಪ್ಪ. "ಭೈರೇಶ ಒಂದ್ ಗಳಿಗೇಲಿ ಮುಗಿಸ್ಬಿಟ್ಟ."

ತುಪ್ಪಟ ಕತ್ತರಿಸಲು ಬಂದಿದ್ದ ಭೈರೇಶ ಕತ್ತರಿ ಒರೆಸುತ್ತ ನಕ್ಕ. "ಕಾಲ್ ಕಟ್ಟಿದ್ಮೇಲೆ ಕುರಿ ಹಂಗೇ ಮಲಗ್ತು ಕಣವ್ವಾ. ಬಾಯಿ ಮಾತ್ರ ಕುರಿದಲ್ಲ" ಎಂದು ಕಚ್ಚಿಸಿಕೊಂಡ ಹೆಬ್ಬೆರಳು ತೋರಿಸಿದ.

"ಗುರುತ್ಯಾಕೆ ಹಾಕಿದ್ರಿ?"

"ಕೈಯಲ್ಲಿ ಬಣ್ಣ ಇತ್ತಲ್ಲವ್ವಾ."

ಸತ್ತ ಕೂದಲಿನ ಬುಡವೆಲ್ಲ ಚರ್ಮದಲ್ಲೇ ಉಳಿದಿತ್ತು. ಕೊಬ್ಬರಿ ಮೈ ಕೊಡವಿದಾಗಲೆಲ್ಲ ಮುಳ್ಳಿನಂಥ ತುಂಡುಗಳು ಚೆಲ್ಲಿದವು. ಅದು ನಡುಮನೆಗೆ ಓಡಿ, ಉಣ್ಣಲು ಕೂತಿದ್ದ ಅಜ್ಜಿಯ ಪಕ್ಕದಲ್ಲೇ ಮೈ ಕೊಡವಿತು.

ಅಜ್ಜಿ ತಟ್ಟೆ ಸರಿಸಿದಳು. "ಸಿದ್ದ, ಬೈಗಿಗೆ ಕುರಿ ಜತೆ ಇದ್ನೂ ಹೊಡ್ಕೊಂಡೋಗು."

ಈಗ ಸ್ಪೂರ್ತಿಯ ಮಾತು ನಿಂತಿತು.

ಬೈಗಿಗೆ ಸಿದ್ದಪ್ಪ ಕುರಿಗಳನ್ನು ಹಟ್ಟಿಯತ್ತ ತಿರುಗಿಸಿದ. ಕೊಬ್ಬರಿಯ ಕೊರಳಿಗೂ ಹಗ್ಗ ಬಿತ್ತು. ಎಲೆಯಡಿಕೆ ಮೆಲ್ಲುತ್ತಿದ್ದ ಅಜ್ಜಿ, ಹೊಡ್ಕೊಂಡೋಗು ಅಂದದ್ದು ತಾನೇ ಅನ್ನುವುದನ್ನು ಮರೆತವಳಂತೆ, ಜಗಲಿಯಿಂದಲೇ ಗದರಿದಳು.

"ಏಯ್ ಸಿದ್ದ, ಬುದ್ಧಿ ನೆಟ್ಟಗೈತಾ? ತುಪ್ಪಟ ತೆಗ್ದ ಕುರಿನ ಬಯಲಲ್ಲಿ ಕೂಡ್ತಾರಾ? ಶೀತ ಆಗಿ ಸಾಯ್ತವೆ. ಕೂದ್ಲು ಬರೋಗಂಟ ಕೊಟ್ಟಿಗೇಲೇ ಇರ್ಲಿ."

ಸ್ಪೂರ್ತಿ ಒಂದೇ ನೆಗೆತಕ್ಕೆ ಹೋಗಿ ಹಗ್ಗ ಹಿಡಿದಳು. "ಇದುರ್ದೂ ತುಪ್ಪಟ ತೆಗ್ದೈತೆ. ನಮ್ ಗುರುತೂ ಐತೆ. ನೋಡಜ್ಜಿ."

ಅಜ್ಜಿ ನಾಯಿಯನ್ನು ನೋಡಿದಳು, ಗುರುತನ್ನು ನೋಡಿದಳು. ಬಾಯಲ್ಲಿದ್ದ ಎಲೆಯಡಿಕೆಯನ್ನು ಬೇಕೆಂದೇ ನಿಧಾನವಾಗಿ ಅಗಿದಳು.

"ಕೂದ್ಲು ಬರೋಗಂಟ, ಅಷ್ಟೇ. ನಡುಮನೆಗೆ ಬಂದ್ರೆ ಕಾಲ್ ಮುರೀತೀನಿ."

ತಿಂಗಳು ಕಳೆದ ಮೇಲೆ ಒಂದು ಬುಧವಾರ ಸ್ಪೂರ್ತಿ ಕೊಟ್ಟಿಗೆಯಲ್ಲಿ ಬೂದಿ ಬಟ್ಟಲಿಟ್ಟುಕೊಂಡು ಕೂತಳು. ಎಡಮಗ್ಗುಲು ಹತ್ತಿಯಂತೆ ಮೆತ್ತಗೆ ಚಿಗುರುತ್ತಿತ್ತು, ಬುಡದ ತುಂಡುಗಳು ಬೆರಳಿಗೆ ಸಿಗುತ್ತಿರಲಿಲ್ಲ. ಬಲಮಗ್ಗುಲಿನಲ್ಲೂ ಹೊಸದಾಗಿ ಸತ್ತ ಎಳೆಗಳು. ಅಪ್ಪನನ್ನೂ ಭೈರೇಶನನ್ನೂ ಅವನ ಕತ್ತರಿಯನ್ನೂ ಮನಸಾರೆ ಬೈಯುತ್ತ ಎಳೆದಳು.

"ಏನೇ, ಕೂದ್ಲು ಬಂತಾ?" ಅಜ್ಜಿ ಒಳಗಿನಿಂದ ಕೂಗಿದಳು.

"ಎಲ್ಲಿ ಬಂತಜ್ಜಿ, ಇನ್ನೂ ಇಲ್ಲ!" ಎಂದು ಸ್ಪೂರ್ತಿ ಇನ್ನೊಂದು ಚಿಟಿಕೆ ಕಿತ್ತಳು.